ಪ್ರಯಾಣಿಕರ ಗಮನಕ್ಕೆ

ಹನ್ನೆರಡು ವರ್ಷದಿಂದ ಶಿವಮೊಗ್ಗ ಬಸ್‌ಸ್ಟ್ಯಾಂಡಿನ
ಮೈಕಿನ ಹಿಂದೆ ಕೂತವಳು ನಾನು, ಕುಮುದಾಕ್ಷಿ.
ಮುಖ ಯಾರೂ ಕಂಡಿಲ್ಲ. ದನಿ ಮಾತ್ರ
ಸಾಗರದವರಿಗೂ ಸೊರಬದವರಿಗೂ
ಮನೆಯ ಹಲ್ಲುಪುಡಿಯಷ್ಟು ಪರಿಚಯ.

ಒಂದು ಬೇಸಗೆ, ನಿದ್ದೆ ನನಗೆ ಬೇಡವಾಯಿತು.
ಮೂರು ರಾತ್ರಿ ಕೂತು ಇಡೀ ವೇಳಾಪಟ್ಟಿಯನ್ನು ಪ್ರಾಸಕ್ಕೆ ಕೂರಿಸಿದೆ.
ನಾಲ್ಕನೇ ಮಧ್ಯಾಹ್ನ ಹೇಳಿಬಿಟ್ಟೆ:
ಪ್ರಯಾಣಿಕರ ಗಮನಕ್ಕೆ. ಮಡೆನೂರಿಗೆ ಹೋಗುವ ವೇಗದೂತ
ಅಂಕಣ ಆರರಲ್ಲಿ ನಿಂತಿದೆ.
ಮಡೆನೂರು ಶರಾವತಿಯ ಹಿನ್ನೀರಿಗೆ ಹೋಗಿ ಅರವತ್ತು ವರ್ಷ.
ಡ್ರೈವರುಗಳು ನಕ್ಕರು, ಕಡಲೆಕಾಯಿ ಮಾರುವವನೂ ನಕ್ಕ.
ಒಬ್ಬ ಮುದುಕ ಮಾತ್ರ ಕೈಚೀಲ ಎತ್ತಿಕೊಂಡು
ಕಿಟಕಿಯ ತನಕ ಬಂದು ಕೇಳಿದ:
"ಎಷ್ಟನೇ ಅಂಕಣ ಅಂದ್ರಿ, ಅಮ್ಮಾ?"

ಏನು ಹೇಳಿದೆನೋ ನೆನಪಿಲ್ಲ.
ನೆನಪಿರುವುದು ಕಂಟ್ರೋಲರ್ ಹುಚ್ಚರಾಯಪ್ಪನವರ ಕೈ
ಮೈಕಿನ ಸ್ವಿಚ್ಚು ಆರಿಸಿದ್ದು.
ಶಿಕಾರಿಪುರದ ದೇವರ ಹೆಸರು ಅವರದು.
ಹೆಸರಲ್ಲೇ ಇದ್ದರೂ ಅವರನ್ನು ಯಾರೂ ಹಾಗೆ ಅನ್ನುವುದಿಲ್ಲ.
ನನ್ನ ಹೆಸರಲ್ಲಿ ಇಲ್ಲ. ಅನ್ನುತ್ತಾರೆ.

ಮೆಗ್ಗಾನ್ ಆಸ್ಪತ್ರೆಯಲ್ಲಿ ಕೊಟ್ಟದ್ದು ಲಿಥಿಯಂ.
ಅದೂ ಒಂದು ಉಪ್ಪೇ ಅಂತೆ.
ಉಪ್ಪು ತಿಂದವಳು ನೀರು ಕುಡಿದೆ,
ಗಾದೆಗಾಗಿ ಅಲ್ಲ, ಚೀಟಿಯಲ್ಲಿ ಬರೆದಿತ್ತು.
ನಿದ್ದೆ ಮರಳಿತು. ಊರುಗಳು ಊರುಗಳಾದವು.

ಎರಡು ವರ್ಷ ಕಳೆದು ದನಿ ಇಳಿಯಿತು,
ಗಂಟಲಲ್ಲಿ ಯಾರೋ ಕಂಬಳಿ ಹಾಸಿದ ಹಾಗೆ.
ನಾನು ತೀರ್ಥಹಳ್ಳಿ ಅಂದು ಮುಗಿಸುವಷ್ಟರಲ್ಲಿ
ಬಸ್ಸು ಗಾಜನೂರು ದಾಟಿರುತ್ತಿತ್ತು.
ಏಪ್ರಿಲ್ಲಿನ ಸೆಖೆಯಲ್ಲಿ ಸ್ವೆಟರು.
ಬಾಚಣಿಗೆಯ ತುಂಬ ಕೂದಲು.
ಏಳುವುದಕ್ಕೆ ಒಂದು ಕಾರಣ ಬೇಕು, ಆ ಕಾರಣಕ್ಕೆ ಇನ್ನೊಂದು.
ಮನೆಯಲ್ಲಿ ಅಂದರು: ಶುರುವಾಯ್ತು, ಈ ಸಲ ಕೆಳಮುಖ.
ನಾನೂ ಹಾಗೇ ಅಂದುಕೊಂಡೆ.
ದುಃಖಕ್ಕೆ ನನ್ನ ವಿಳಾಸ ಮೊದಲೇ ಗೊತ್ತಿತ್ತಲ್ಲ.

ಡಾಕ್ಟರ್ ನಸ್ರೀನ್ ಒಂದು ಲೋಟ ನೀರು ಕೊಟ್ಟು
"ನುಂಗಿ" ಅಂದರು. ನುಂಗಿದೆ.
ಮುಖ ಬಿಟ್ಟು ಕತ್ತನ್ನೇ ನೋಡುತ್ತ ಕೂತರು.
ಚೀಟಿಯ ಬೆನ್ನಿಗೆ ಚಿತ್ರ ಬರೆದರು: ಚಿಟ್ಟೆಯ ಹಾಗಿರುತ್ತೆ.
ನನಗೆ ಚಿಟ್ಟೆ ಕಾಣಲಿಲ್ಲ;
ಪೊಟ್ಟಣಕ್ಕೆ ಕಟ್ಟಿದ ದಾರದ ಗಂಟು, ಅಷ್ಟೇ.

ರಕ್ತ ಕೊಟ್ಟೆ. ಟಿಎಸ್‌ಎಚ್ ಹತ್ತೊಂಬತ್ತು.
ನಾಲ್ಕರ ಆಸುಪಾಸಿನಲ್ಲಿ ನಿಲ್ಲಬೇಕಾದ್ದು.

"ಇದಕ್ಕೂ ತಲೆಗೂ ಏನು ಸಂಬಂಧ?"
ಅವರು ಪೆನ್ನಿನ ಮುಚ್ಚಳ ಹಾಕಿದರು.
"ಲಿಥಿಯಂ ಕೆಲವರ ಥೈರಾಯ್ಡನ್ನು ನಿಧಾನ ಮಾಡುತ್ತೆ, ಅದು ಗೊತ್ತು.
ಥೈರಾಯ್ಡ್ ನಿಧಾನವಾದರೆ ಮನಸ್ಸೂ ಕುಸಿಯಬಹುದು, ಅದೂ ಗೊತ್ತು.
ಮಾತ್ರೆಗೂ ಮೊದಲೇ ಎರಡಕ್ಕೂ ಒಳಗೊಳಗೆ ನಂಟಿತ್ತಾ,
ಕೆಲವರಲ್ಲಿ ಇರಬಹುದು. ಇನ್ನೂ ಹುಡುಕುತ್ತಿದ್ದಾರೆ."

ನನಗೆ ತಿಳಿದದ್ದು ಹೀಗೆ:
ದಿನಾ ಒಂದೇ ಬಸ್ಸು ಹತ್ತುವ ಇಬ್ಬರು ಹೆಂಗಸರು.
ಒಬ್ಬಳು ಬರದ ದಿನ ಇನ್ನೊಬ್ಬಳೂ ಕಾಣುವುದಿಲ್ಲ.
ಅಕ್ಕತಂಗಿಯರೋ, ಬರೀ ಅಕ್ಕಪಕ್ಕದ ಸೀಟೋ,
ಕೇಳಿದ ಕಂಡಕ್ಟರಿಲ್ಲ.

ಅಜ್ಜಿಗೆ ಗಳಗಂಡವಿತ್ತು, ತೆಂಗಿನ ಕರಟದಷ್ಟು.
ಅವಳ ಕಾಲದ ಉಪ್ಪಿನಲ್ಲಿ ಅಯೋಡಿನ್ ಇರಲಿಲ್ಲ.
ಫೋಟೋದಲ್ಲಿ ಸೆರಗನ್ನು ಗದ್ದದ ತನಕ ಎಳೆದುಕೊಂಡಿದ್ದಾಳೆ.
ಒಂದು ಉಪ್ಪು ಸಿಗದೆ ಅವಳ ಗಂಟಲು ಉಬ್ಬಿತು,
ಇನ್ನೊಂದು ಉಪ್ಪು ಸಿಕ್ಕಿ ನನ್ನದು ಮಂಕಾಯಿತು.
ಇದನ್ನು ಲೆಕ್ಕ ಅನ್ನಲಾರೆ,
ಆದರೂ ಕನ್ನಡಿಯ ಮುಂದೆ ಈಗ
ಅವಳ ಹಾಗೇ ಗದ್ದ ಎತ್ತಿ ನೋಡಿಕೊಳ್ಳುತ್ತೇನೆ.

ರಾತ್ರಿಗೆ ಉಪ್ಪು. ಬೆಳಗಿಗೆ ಖಾಲಿ ಹೊಟ್ಟೆಗೆ ಇನ್ನೊಂದು, ಚಿಕ್ಕದು.
ಅದಾದ ಮೇಲೆ ಒಂದು ಗಂಟೆ ಕಾಫಿ ಇಲ್ಲ.
ಪಕ್ಕದ ಮನೆಯ ಡಿಕಾಕ್ಷನ್ ವಾಸನೆ ಗೋಡೆ ಹಾರಿ ಬರುತ್ತದೆ;
ನನ್ನ ದಿನದ ಅತಿ ಉದ್ದದ ಗಂಟೆ ಅದು.

ಮೊನ್ನೆ ಮೂರೂವರೆ ಬಂತು.
ದನಿ ಮುಕ್ಕಾಲು ಪಾಲು ಬಂದಿದೆ, ಹುಚ್ಚರಾಯಪ್ಪನವರ ಪ್ರಕಾರ
ಸ್ವಲ್ಪ ದಪ್ಪ, ಪರವಾಗಿಲ್ಲ.
ಹೇಳಬೇಕಾದ್ದನ್ನಷ್ಟೇ ಹೇಳುತ್ತೇನೆ.
ಅಂಕಣ ಆರು ಖಾಲಿ ಬಿದ್ದಾಗ ಮಾತ್ರ
ಸ್ವಿಚ್ಚಿನಿಂದ ಬೆರಳು ತೆಗೆದು
ಕೈಚೀಲ ಹಿಡಿದು ಯಾರಾದರೂ ಎದ್ದರಾ ಎಂದು
ಬೆಂಚುಗಳ ಕಡೆ ನೋಡುತ್ತೇನೆ.